ಡೈವೋರ್ಸ್ ಹಾಕಿದ ದಿನವೇ ಇನ್ಶೂರೆನ್ಸ್ ಹೋಗುವುದಿಲ್ಲ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಎರಡು ವರ್ಷ, ಗಂಡನ ಕೆಲಸದ ವೀಸಾದ ಜೊತೆಗೆ ಹೆಂಡತಿಗೆ ಸಿಗುವ ಎಚ್-4 ವೀಸಾ. ಈಗ ಗಂಡ ಡೈವೋರ್ಸ್‌ಗೆ ಹಾಕಿ, "ನಾಳೆಯಿಂದ ನಿನಗೆ ಇನ್ಶೂರೆನ್ಸ್ ಇಲ್ಲ" ಅಂದಿದ್ದಾರೆ, ಥೈರಾಯ್ಡ್ ಮಾತ್ರೆಗೆ ಏನು ಮಾಡಲಿ ಎಂದು ಕೇಳಿದ್ದೀರಿ. ತಂಗಿ, ಹೆದರಬೇಡಿ. ಅವರು ಹೇಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಡೈವೋರ್ಸ್ ಸಮನ್ಸ್‌ನ ಜೊತೆಗೇ ಕೋರ್ಟಿನ ತಡೆಯೂ ಬರುತ್ತದೆ. ಎರಡನೇ ಪುಟ ತೆಗೆದು ಓದಿ. ನೀವು ಬರೆದು ಒಪ್ಪದೆ, ಇಲ್ಲವೇ ಕೋರ್ಟ್ ಹೇಳದೆ, ಅವರು ನಿಮ್ಮ ಹೆಲ್ತ್ ಇನ್ಶೂರೆನ್ಸ್ ನಿಲ್ಲಿಸುವಂತಿಲ್ಲ. ಸುಮ್ನೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸಮನ್ಸ್ ತಲುಪಿ 6 ತಿಂಗಳಾದರೂ ಆಗದೆ ಇಲ್ಲಿ ಡೈವೋರ್ಸ್ ಮುಗಿಯುವುದೂ ಇಲ್ಲ.

ತೀರ್ಪು ಬಂದ ಮೇಲೆ ಅವರ ಕಂಪನಿಯ ಇನ್ಶೂರೆನ್ಸ್ ಪ್ಲ್ಯಾನಿನಿಂದ ನಿಮ್ಮ ಹೆಸರು ಹೋಗುತ್ತದೆ. ಆಗ ಕೋಬ್ರಾ ಇದೆ, ಅಂದರೆ ಹಣ ಕಟ್ಟಿ ಹಳೇ ಪ್ಲ್ಯಾನಿನಲ್ಲೇ ಉಳಿಯಲು ಬಿಡುವ ಅಮೆರಿಕದ ಕಾನೂನು. ಗಂಡನ ಕಂಪನಿಯಲ್ಲಿ 20 ಅಥವಾ ಹೆಚ್ಚು ಜನ ಕೆಲಸಗಾರರು ಇದ್ದರೆ ಅದೇ ಪ್ಲ್ಯಾನಿನಲ್ಲಿ 36 ತಿಂಗಳವರೆಗೆ ಉಳಿಯಬಹುದು. ಆದರೆ ಡೈವೋರ್ಸ್ ಆಯಿತು ಎಂದು 60 ದಿನದೊಳಗೆ ಪ್ಲ್ಯಾನಿನವರಿಗೆ ತಿಳಿಸಬೇಕು. ಗಂಡ ತಿಳಿಸುತ್ತಾರೆ ಎಂದು ಕೂರಬೇಡಿ. ನಾನು ಹಾಗೇ ಕೂತಿದ್ದೆ. 9 ದಿನ ಉಳಿದಿದ್ದಾಗ ಗೆಳತಿಯೊಬ್ಬಳು ಕೇಳಿದಳು, ಆಗ ಓಡಿದೆ. ಆಮೇಲೆ ಬಂದ ಕೋಬ್ರಾ ಕಾಗದವೂ ಹಳೇ ಮನೆಗೇ ಹೋಯಿತು. ಮನೆ ಬಿಟ್ಟರೆ ಹೊಸ ವಿಳಾಸವನ್ನು ಅವತ್ತೇ ಬರೆದು ಕಳಿಸಿ.

ಕೋಬ್ರಾ ದುಬಾರಿ. ಕಂಪನಿ ಕಟ್ಟುತ್ತಿದ್ದ ಪಾಲೂ ನಿಮ್ಮ ಮೇಲೆ ಬಂದು, ಪೂರ್ತಿ ಪ್ರೀಮಿಯಂನ 102% ವರೆಗೆ ಕೇಳುತ್ತಾರೆ. ಆ ಹಣ ಯಾರು ಕಟ್ಟಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಲು ನಿಮ್ಮ ಲಾಯರಿಗೆ ಹೇಳಿ. ಆಗದಿದ್ದರೆ ಕವರ್ಡ್ ಕ್ಯಾಲಿಫೋರ್ನಿಯಾ ಇದೆ, ಅಂದರೆ ನಾವೇ ಇನ್ಶೂರೆನ್ಸ್ ಕೊಳ್ಳಲು ರಾಜ್ಯ ನಡೆಸುವ ಮಾರುಕಟ್ಟೆ. ಕವರೇಜ್ ಹೋದ 60 ದಿನದೊಳಗೆ ಸೇರಬಹುದು, ಥೈರಾಯ್ಡ್ ಇದೆ ಎಂದು ಯಾರೂ ಬೇಡ ಅನ್ನುವಂತಿಲ್ಲ. ಆದರೆ ಅಲ್ಲಿ ವೀಸಾ ಸರಿಯಿರಬೇಕು.

ನನಗೆ ಜಾಸ್ತಿ ಚಿಂತೆ ಇದರದ್ದೇ. ನಿಮ್ಮ ಎಚ್-4 ನಿಂತಿರುವುದು ಮದುವೆಯ ಮೇಲೆ, ಅಲ್ವಾ? ತೀರ್ಪಿನ ದಿನ ಅದೂ ಮುಗಿಯುತ್ತದೆ. ಓದಲು ಎಫ್-1 ಆಗಲಿ, ಕೆಲಸದ ವೀಸಾ ಆಗಲಿ, ಅರ್ಜಿ ಅದಕ್ಕೂ ಮೊದಲೇ ಹೋಗಬೇಕು. ಡೈವೋರ್ಸ್ ಲಾಯರ್ ಒಬ್ಬರೇ ಸಾಲದು, ಈ ವಾರವೇ ಇಮಿಗ್ರೇಷನ್ ಲಾಯರನ್ನೂ ನೋಡಿ.

ಇವತ್ತು ಇನ್ಶೂರೆನ್ಸ್ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮಾತ್ರೆ 90 ದಿನಕ್ಕೆ ಕೊಡುತ್ತಾರಾ ಎಂದು ಡಾಕ್ಟರನ್ನು ಕೇಳಿ. ಸಮನ್ಸ್ ನಿಮ್ಮ ಕೈಗೆ ಬಂದ ತಾರೀಕು ಯಾವುದು? ನನಗೆ ಬರೆಯಿರಿ, ದಿನಗಳನ್ನು ಒಟ್ಟಿಗೆ ಕೂತು ಎಣಿಸೋಣ.