ಒಮ್ಮೆ ಬಂದ ದಡಾರ ಮತ್ತೆ ಏಕೆ ಬರುವುದಿಲ್ಲ?

ದಡಾರ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ನೆಗಡಿ ಮಾತ್ರ ಮರಳಿ ಮರಳಿ ಬರುತ್ತದೆ, ಏಕೆ ಎಂಬ ಪ್ರಶ್ನೆಗೆ ಉತ್ತರವು ರೋಗನಿರೋಧಕ ವ್ಯವಸ್ಥೆಯ ನೆನಪಿನಲ್ಲಿದೆ. ಹೊಸ ವೈರಾಣು ದೇಹವನ್ನು ಹೊಕ್ಕಾಗ ಅದಕ್ಕೆಂದೇ ಹೊಂದುವ ಪ್ರತಿಕಾಯಗಳನ್ನು (ವೈರಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು) ಬಿಳಿ ರಕ್ತಕಣಗಳು ಸಾಕಷ್ಟು ತಯಾರಿಸಲು ಒಂದೆರಡು ವಾರ ಹಿಡಿಯುತ್ತದೆ. ನಾವು ಕಾಯಿಲೆಯಿಂದ ನರಳುವುದು ಬಹುಮಟ್ಟಿಗೆ ಈ ಅವಧಿಯಲ್ಲೇ. ಗುಣವಾದ ಮೇಲೂ ಉಳಿಯುವ ಸ್ಮೃತಿಕೋಶಗಳು, ಅದೇ ವೈರಾಣು ಮತ್ತೆ ಬಂದರೆ ಕೆಲವೇ ದಿನಗಳಲ್ಲಿ ಎಚ್ಚೆತ್ತು ಅದನ್ನು ಹತ್ತಿಕ್ಕುತ್ತವೆ. ದಡಾರದ ವೈರಾಣು ಹೆಚ್ಚು ಬದಲಾಗದ್ದರಿಂದ ಈ ನೆನಪು ಜೀವಮಾನವಿಡೀ ಸಾಕಾಗುತ್ತದೆ; ನೆಗಡಿಗಾದರೋ ಕಾರಣವಾಗುವ ವೈರಾಣುಗಳೇ 200ಕ್ಕೂ ಹೆಚ್ಚು. ಹಾಗೆಂದು ದಡಾರ ಒಮ್ಮೆ ಬಂದುಹೋಗಲಿ ಎಂದು ಸುಮ್ಮನಿರುವುದು ನಿಜಕ್ಕೂ ಅಪಾಯಕರ: ಇತರ ರೋಗಗಳ ಬಗ್ಗೆ ದೇಹ ಗಳಿಸಿದ್ದ ನೆನಪನ್ನೂ ಅದು ಅಳಿಸಿಹಾಕಬಲ್ಲದು, ಲಸಿಕೆ ಹಾಗೆ ಮಾಡುವುದಿಲ್ಲ.