ಸಿಮ್ ಹಾಕೋಕೆ ಜಾಗವೇ ಇಲ್ಲದ ಫೋನ್: ವಿದೇಶಕ್ಕೆ ಹೊರಡುವ ಮುಂಚೆ ಏನು ನೋಡಬೇಕು?

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಮೇಷ್ಟ್ರು. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ಜರ್ಮನಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ‘ಇ-ಸಿಮ್ ಹಾಕಿಸಿಕೊಂಡು ಬನ್ನಿ, ನಿಮ್ಮ ಫೋನಿಗೆ ಅದು ಆಗುತ್ತಾ ಮೊದಲು ನೋಡಿ’ ಅಂತ ಮಗಳು ಹೇಳಿದ್ದಾಳೆ. ನನ್ನದು ಮೂರು ವರ್ಷದ ಹಿಂದೆ ಇಲ್ಲೇ ಕೊಂಡ ಸ್ಯಾಮ್‌ಸಂಗ್. ಹೆಂಡತಿಗೆ ನಮ್ಮ ಅಣ್ಣನ ಮಗ ಅಮೆರಿಕದಿಂದ ಐಫೋನ್ 14 ತಂದುಕೊಟ್ಟಿದ್ದಾನೆ. ಅದರಲ್ಲಿ ಸಿಮ್ ಹಾಕೋಕೆ ಜಾಗವೇ ಇಲ್ಲ! ಒಂದು ಅಂಗಡಿಯಲ್ಲಿ ‘ಇದು ಇಲ್ಲಿ ನಡೆಯಲ್ಲ’ ಅಂದರು. ನಿಜವಾ?

ಉತ್ತರ: ಐಫೋನ್ ಕೆಟ್ಟಿಲ್ಲ ಸರ್, ಗಾಬರಿ ಬೇಡ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 2022ರಿಂದ, ಅಂದರೆ ಐಫೋನ್ 14ರಿಂದ, ಸಿಮ್ ಟ್ರೇ ಇಲ್ಲ. ಅವು ಪೂರ್ತಿ ಇ-ಸಿಮ್ ಮೇಲೇ, ಅಂದರೆ ಫೋನಿನೊಳಗೇ ಇರುವ ಚಿಪ್‌ಗೆ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುವ ಸಿಮ್ ಮೇಲೇ, ನಡೆಯುತ್ತವೆ. ಅದೇ ಐಫೋನ್ 14 ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡಿದ್ದರೆ ಒಂದು ಸಿಮ್ ಟ್ರೇಯೂ ಇರುತ್ತಿತ್ತು, ಇ-ಸಿಮ್ ಕೂಡ ಇರುತ್ತಿತ್ತು. ಚೀನಾಕ್ಕೆಂದು ಮಾಡಿದ್ದಾದರೆ ಎರಡು ಸಿಮ್ ಕೂರಿಸುವ ಟ್ರೇ ಇರುತ್ತದೆ, ಇ-ಸಿಮ್ ಇರೋದಿಲ್ಲ. ಹೆಸರು ಒಂದೇ, ಒಳಗಿನದು ಬೇರೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಮಾಡೆಲ್ ಹೆಸರು ಹೇಳಿ ಯಾರನ್ನೂ ಕೇಳಬೇಡಿ, ಕೈಯಲ್ಲಿರೋ ಫೋನನ್ನೇ ಕೇಳಿ.

ಕೇಳೋದು ಸುಲಭ. ಫೋನ್ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ಅಂತ 15 ಅಂಕಿಯ, ಫೋನಿನ ಗುರುತಿನ ನಂಬರ್ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಅಂಥವು ಎರಡು ಇರುತ್ತವೆ. ಜಾಸ್ತಿ ಜನ ಎಡವೋದು ಇಲ್ಲೇ. ಎರಡನೇ ಐಎಂಇಐ ನೋಡಿ ಇ-ಸಿಮ್ ಇದೆ ಅಂದುಕೊಳ್ಳುತ್ತಾರೆ. ನೀವು ಹುಡುಕಬೇಕಾದದ್ದು ‘ಇಐಡಿ’ ಅನ್ನುವ ಸಾಲು. ಅದು ಇ-ಸಿಮ್ ಚಿಪ್‌ನ ಗುರುತು, 32 ಅಂಕಿಯ ಉದ್ದ ನಂಬರ್, 89ರಿಂದ ಶುರುವಾಗುತ್ತದೆ. ಆ ಸಾಲು ಇಲ್ಲದಿದ್ದರೆ ಇ-ಸಿಮ್ ಆಸೆ ಬಿಡಿ. ಇದ್ದರೂ ಇನ್ನೊಂದು ಸಲ ಖಚಿತ ಮಾಡಿಕೊಳ್ಳಿ. ನಿಮ್ಮ ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಸಿಮ್ ಮ್ಯಾನೇಜರ್‌ಗೆ ಹೋಗಿ. ‘ಆಡ್ ಇ-ಸಿಮ್’ ಕಾಣಿಸಿದರೆ ಆಯ್ತು. ಎಸ್ ಸರಣಿಯಲ್ಲಿ ಸಾಮಾನ್ಯವಾಗಿ 2020ರ ಎಸ್20ರಿಂದ ಈಚೆಗೆ ಈ ಸೌಲಭ್ಯ ಇದೆ. ಕಡಿಮೆ ಬೆಲೆಯ ಎ, ಎಂ ಮಾಡೆಲ್‌ಗಳಲ್ಲಿ ಬಹುಪಾಲು ಇಲ್ಲ.

ನನಗೆ ಚಿಂತೆ ಇರೋದು ನಿಮ್ಮ ಮನೆಯವರ ಐಫೋನ್ ಬಗ್ಗೆ. ಇ-ಸಿಮ್ ಇರುವುದರಲ್ಲಿ ಅನುಮಾನ ಇಲ್ಲ, ಆದರೆ ಅದು ಲಾಕ್ ಆಗಿದೆಯಾ? ಅಮೆರಿಕದಲ್ಲಿ ಕಂತಿನ ಮೇಲೆ ಕೊಂಡ ಫೋನ್‌ಗಳು ಎಷ್ಟೋ ಸಲ ಅದೇ ಮೊಬೈಲ್ ಕಂಪನಿಗೆ ಕಟ್ಟಿಹಾಕಿರುತ್ತವೆ. ಬೇರೆ ಯಾರ ಸಿಮ್ಮೂ ನಡೆಯಲ್ಲ, ನಮ್ಮದೂ ಅಷ್ಟೇ, ಜರ್ಮನಿಯದೂ ಅಷ್ಟೇ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ‘ಕ್ಯಾರಿಯರ್ ಲಾಕ್’ ನೋಡಿ. ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಅಂತ ಇರಬೇಕು. ಬೇರೇನಾದರೂ ಇದ್ದರೆ ಇವತ್ತೇ ಅಣ್ಣನ ಮಗನಿಗೆ ಫೋನ್ ಮಾಡಿ. ಬಾಕಿ ತೀರಿದ್ದರೆ ಅವರೇ ಅಲ್ಲಿನ ಕಂಪನಿಗೆ ಹೇಳಿ ಬಿಡಿಸಬೇಕು. ಇಲ್ಲಿ ದುಡ್ಡು ಕೊಟ್ಟು ಅನ್‌ಲಾಕ್ ಮಾಡಿಸೋಕೆ ದಯವಿಟ್ಟು ಹೋಗಬೇಡಿ. ಹೋದ ವರ್ಷ ನನ್ನ ಹತ್ತಿರ ಬಂದ ಒಬ್ಬರು ತಾಯಿ ಹಾಗೆ ಮಾಡಿಸಿ ದುಡ್ಡೂ ಕಳೆದುಕೊಂಡರು, ಫೋನೂ ಬಳಕೆಗೆ ಬರಲಿಲ್ಲ. ಮಗ ಅಲ್ಲಿಂದ ಕೇಳಿದ ಮೇಲೇ ಅದು ಬಿಟ್ಟುಕೊಂಡಿದ್ದು.

ಇನ್ನು ನಿಮ್ಮ ಮನೆಯವರ ಇಲ್ಲಿನ ನಂಬರ್. ಈ ಐಫೋನಿಗೆ ಅದನ್ನೂ ಇ-ಸಿಮ್ ಆಗಿ ಬದಲಾಯಿಸಿಕೊಳ್ಳಬೇಕು. ಜಿಯೊ, ಏರ್‌ಟೆಲ್, ವಿಐ ಮೂರೂ ಮಾಡಿಕೊಡುತ್ತವೆ. ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ಕನಿಷ್ಠ ಹತ್ತು ದಿನ ಮುಂಚೆ ಮುಗಿಸಿ. ಸಿಮ್ ಬದಲಾದ ಮೇಲೆ ಸುಮಾರು 24 ಗಂಟೆ ಎಸ್‌ಎಂಎಸ್ ಬರೋದಿಲ್ಲ, ಬ್ಯಾಂಕ್ ಒಟಿಪಿಯೂ ಬರೋದಿಲ್ಲ. ಮೋಸ ತಡೆಯೋಕೆ ಅಂತಲೇ ಮಾಡಿರುವ ನಿಯಮ ಇದು. ಕೆಲಸವನ್ನು ಕಂಪನಿಯ ಆ್ಯಪ್‌ನಲ್ಲೋ ಅವರ ಸ್ವಂತ ಅಂಗಡಿಯಲ್ಲೋ ಮಾಡಿಸಿ. ‘ಇ-ಸಿಮ್ ಮಾಡಿಕೊಡ್ತೀವಿ, ಒಟಿಪಿ ಹೇಳಿ’ ಅಂತ ತಾನಾಗಿ ಬರುವ ಕರೆಯನ್ನು ಮಾತ್ರ ನಂಬಲೇಬೇಡಿ. ನಂಬರ್ ಅವರ ಪಾಲಾದರೆ ಬ್ಯಾಂಕ್ ಖಾತೆಗೂ ದಾರಿ ಸಿಕ್ಕಂತೆ.

ಜರ್ಮನಿಯ ಇ-ಸಿಮ್ಮನ್ನೂ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತುವ ಮುಂಚೆ, ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಇಳಿಸೋಕೆ ಇಂಟರ್‌ನೆಟ್ ಬೇಕೇ ಬೇಕು. ಇ-ಸಿಮ್ ಕೊಂಡಾಗ ಕಳಿಸುವ ಕ್ಯೂಆರ್ ಕೋಡ್ ನಿಮ್ಮ ಸ್ಯಾಮ್‌ಸಂಗ್‌ಗೆ ತರಿಸಿಕೊಂಡು ಐಫೋನಿನಿಂದ ಸ್ಕ್ಯಾನ್ ಮಾಡಿ. ಸಾಮಾನ್ಯವಾಗಿ ಆ ಕೋಡ್ ಒಂದೇ ಸಲ ನಡೆಯೋದು. ಇಳಿಸಿದ ಇ-ಸಿಮ್ಮನ್ನು ಸುಮ್ನೆ ಡಿಲೀಟ್ ಮಾಡಿ ನೋಡೋಣ ಅಂತ ಹೋಗಬೇಡಿ, ಮತ್ತೆ ಹೊಸದು ಬೇಕಾಗುತ್ತದೆ. ಐಫೋನ್ 14ರಲ್ಲಿ ಎರಡು ಇ-ಸಿಮ್ ಒಟ್ಟಿಗೇ ಕೆಲಸ ಮಾಡುತ್ತವೆ. ಹಾಗಾಗಿ ಇಲ್ಲಿನ ನಂಬರನ್ನು ಒಟಿಪಿಗೆ ಆನ್ ಇಟ್ಟು, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಮಾಡಿ. ಅಲ್ಲಿ ಒಟಿಪಿ ಬರೋಕೆ ಇಂಟರ್‌ನ್ಯಾಷನಲ್ ರೋಮಿಂಗ್ ಶುರುವಾಗಿರಬೇಕಾ ಅಂತ ಕಂಪನಿಯನ್ನು ಈಗಲೇ ಕೇಳಿಟ್ಟುಕೊಳ್ಳಿ.

ನಿಮ್ಮ ಸ್ಯಾಮ್‌ಸಂಗ್‌ನಲ್ಲಿ ಇ-ಸಿಮ್ ಇಲ್ಲ ಅಂತಾದರೂ ಹೊಸ ಫೋನ್ ಕೊಳ್ಳಬೇಡಿ. ಇಬ್ಬರೂ ಜೊತೆಗೇ ಓಡಾಡ್ತೀರಲ್ವಾ? ಐಫೋನಿನ ಹಾಟ್‌ಸ್ಪಾಟ್‌ನಿಂದ ನಿಮ್ಮ ವಾಟ್ಸ್‌ಆ್ಯಪ್, ಮ್ಯಾಪ್ ಎರಡೂ ನಡೆಯುತ್ತವೆ. ಪ್ಲ್ಯಾನ್ ಕೊಳ್ಳುವಾಗ ಅದರಲ್ಲಿ ಹಾಟ್‌ಸ್ಪಾಟ್‌ಗೆ ಅವಕಾಶ ಇದೆಯಾ ಅಂತ ಮಗಳಿಗೆ ನೋಡಲು ಹೇಳಿ. ಬೇಕೇ ಬೇಕು ಅನ್ನಿಸಿದರೆ ಅಲ್ಲೇ ಒಂದು ಮಾಮೂಲಿ ಪ್ರೀಪೇಯ್ಡ್ ಸಿಮ್ ತಗೊಳ್ಳಿ. ಜರ್ಮನಿಯಲ್ಲಿ 2017ರಿಂದ ಅದಕ್ಕೆ ಗುರುತಿನ ದಾಖಲೆ ಕಡ್ಡಾಯ, ಅಂಗಡಿಗೆ ಹೋಗುವಾಗ ಪಾಸ್‌ಪೋರ್ಟ್ ಜೊತೆಗಿರಲಿ.