ವಿಎನ್‌ಎಸ್ (ಫಿಟ್ಸ್ ತಡೆಯಲು ಕುತ್ತಿಗೆಯ ನರಕ್ಕೆ ಕರೆಂಟ್ ಕೊಡುವ ಸಾಧನ) ಹಾಕಿಸಿದ ಮೇಲೆ ಆಗುತ್ತಿದ್ದ ಗಂಟಲು ಕಟ್ಟುವುದು ಈಗ ನಿಂತು ಫಿಟ್ಸ್ ಮತ್ತೆ ಶುರುವಾಗಿದೆ, ಮಾತ್ರೆ ಜಾಸ್ತಿ ಮಾಡಿಸಲಾ, ಬ್ಯಾಟರಿ ಬದಲಿಸಲಾ?

ಎರಡೂ ಆಮೇಲೆ. ಮೊದಲು ವೈರು ನೋಡಿಸಿ. "ದೇಹ ಒಗ್ಗಿಕೊಂಡಿತು ಅಂತ ಖುಷಿಯಾಗಿದ್ದೆ" ಅಂತ ಬರೆದಿದ್ದೀರಲ್ಲ, ನಾನೂ ಹಾಗೇ ಖುಷಿಪಟ್ಟು ಕೆಟ್ಟವಳು.

ನಾನು ಪ್ರೈಮರಿ ಸ್ಕೂಲ್ ಟೀಚರ್. ಯಾವ ಮಾತ್ರೆಗೂ ಫಿಟ್ಸ್ ಬಗ್ಗದೆ ಕೊನೆಗೆ ವಿಎನ್‌ಎಸ್ ಹಾಕಿದರು. ಎಡ ಎದೆಯ ಚರ್ಮದಡಿ ಒಂದು ಡಬ್ಬಿ, ಅಲ್ಲಿಂದ ಕುತ್ತಿಗೆಯ ವೇಗಸ್ ನರಕ್ಕೆ ಸುತ್ತಿದ ವೈರು. 5 ನಿಮಿಷಕ್ಕೊಮ್ಮೆ 30 ಸೆಕೆಂಡ್ ಕರೆಂಟ್. ಧ್ವನಿಪೆಟ್ಟಿಗೆಗೆ ಹೋಗುವ ನರವೂ ಇದೇ ವೇಗಸ್‌ನ ಕವಲು, ಹಾಗಾಗಿ ಅಷ್ಟು ಹೊತ್ತು ನನ್ನ ಧ್ವನಿ ಗೊಗ್ಗರು. ನಾಲ್ಕನೇ ಕ್ಲಾಸಿನ ಮಕ್ಕಳು ಅದಕ್ಕೆ ಕಪ್ಪೆ ಅಂತ ಹೆಸರಿಟ್ಟಿದ್ದರು. ಪದ್ಯ ಓದುತ್ತಿದ್ದಾಗ "ಮಿಸ್, ಕಪ್ಪೆ ಬಂತು" ಅನ್ನುತ್ತಿದ್ದರು, ನಾನು ಪುಸ್ತಕ ಮಡಚಿ ಒಂದು ಗುಟುಕು ನೀರು ಕುಡಿಯುತ್ತಿದ್ದೆ.

ಒಂದು ಸೋಮವಾರ ಕಪ್ಪೆ ಬರಲೇ ಇಲ್ಲ. ಇಡೀ ಪಾಠ ಒಂದೇ ಧ್ವನಿಯಲ್ಲಿ ಓದಿದೆ. ಮಕ್ಕಳಿಗೆ ಚಾಕೊಲೇಟ್ ಹಂಚಿದೆ ನೋಡಿ, ಅದೇ ನನ್ನ ತಪ್ಪು.

ಚಾಕೊಲೇಟ್ ಅಲ್ಲ, ಅದರ ಹಿಂದಿನ ಯೋಚನೆ. ಕೆಲವರಿಗೆ ಗಂಟಲು ಕಟ್ಟುವುದು ಬರಬರುತ್ತಾ ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ನಿಜವೇ. ಆದರೆ ಬರಬರುತ್ತಾ ಅಂದಿದ್ದರು! ನನಗೆ ಶುಕ್ರವಾರ ಇತ್ತು, ಸೋಮವಾರ ಇಲ್ಲ. ದೇಹ ಎರಡು ದಿನದಲ್ಲಿ ಒಗ್ಗಿಕೊಳ್ಳುತ್ತದಾ? ಅವರು ಕೊಟ್ಟಿದ್ದ ಮ್ಯಾಗ್ನೆಟ್ ಬೀರುವಿನಲ್ಲೇ ಇತ್ತು. ಅದನ್ನು ಡಬ್ಬಿಯ ಮೇಲೆ ಒಂದು ಸೆಕೆಂಡ್ ಆಡಿಸಿದರೆ ಬೇಕಾದಾಗ ಕರೆಂಟ್ ಬರುತ್ತದೆ. ಅವತ್ತೇ ಆಡಿಸಿದ್ದರೆ, ಯಾವಾಗಲೂ ಹಿಂಡಿದಂತಾಗುವ ಗಂಟಲು ಸುಮ್ಮನಿರುವುದು ಗೊತ್ತಾಗುತ್ತಿತ್ತು. ಆಡಿಸಲಿಲ್ಲ. ಅದರ ಮೇಲೆ, ಚೆನ್ನಾಗಿದ್ದೀನಲ್ಲ ಅಂತ ಆ ಸಲದ ಚೆಕಪ್ಪಿಗೂ ಹೋಗಲಿಲ್ಲ, ರಜೆ ಉಳಿಯಿತು ಅಂದುಕೊಂಡೆ.

ಫಿಟ್ಸ್ ವಾಪಸ್ ಬಂತು. ಊರಿನ ಡಾಕ್ಟರ್ ಮಾತ್ರೆ ಏರಿಸಿದರು. ಕೈ ನಡುಗಿ ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾದವು, ಫಿಟ್ಸ್ ಮಾತ್ರ ನಿಲ್ಲಲಿಲ್ಲ. ಕೊನೆಗೆ ಬೆಂಗಳೂರಿಗೆ ಹೋದಾಗ ಅಂಗಿಯ ಮೇಲಿಂದಲೇ ಡಬ್ಬಿಗೆ ಒಂದು ಉಪಕರಣ ಹಿಡಿದು ನೋಡಿದರು. ಎರಡು ನಿಮಿಷದ ಕೆಲಸ. ಇಂಪಿಡೆನ್ಸ್ ಅಂತ, ಅಂದರೆ ಕರೆಂಟ್ ಹರಿಯಲು ಎಷ್ಟು ಅಡ್ಡಿ ಇದೆ ಅಂತ, ಒಂದು ಅಂಕಿ ಬರುತ್ತದೆ, ಈಚಿನ ಮಾಡೆಲ್‌ಗಳಲ್ಲಿ ಅದು 5,300 ಓಮ್ ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ, ವೈರು ತುಂಡಾಗಿರಬಹುದು ಇಲ್ಲವೇ ಡಬ್ಬಿಗೆ ಸರಿಯಾಗಿ ಕೂತಿಲ್ಲ. ನನ್ನದು ದಾಟಿತ್ತು. ಮುರಿದ ವೈರಿನಲ್ಲಿ ಕರೆಂಟ್ ಬಿಡಬಾರದು ಅಂತ ಅಲ್ಲೇ ಆಫ್ ಮಾಡಿದರು. ಎಕ್ಸ್‌ರೇಯಲ್ಲಿ ಕುತ್ತಿಗೆಯ ಬುಡದ ಹತ್ತಿರ ಕೂದಲೆಳೆಯಷ್ಟು ಸಂದು. ಕೆಲವರಿಗೆ ಎಕ್ಸ್‌ರೇಯಲ್ಲಿ ಅಷ್ಟೂ ಕಾಣುವುದಿಲ್ಲವಂತೆ, ಅದಕ್ಕೇ ಆ ಅಂಕಿ ಕೇಳಿ ಅನ್ನುವುದು.

ಬ್ಯಾಟರಿ ಕಥೆಯೂ ಅದೇ ಚೆಕ್‌ನಲ್ಲಿ ಗೊತ್ತಾಗುತ್ತದೆ, ಸುಮ್ನೆ ಊಹೆಯ ಮೇಲೆ ಹೊಸದು ಹಾಕಿಸಬೇಡಿ. ಬ್ಯಾಟರಿಗೆ ಎದೆ ಮಾತ್ರ ತೆರೆಯುತ್ತಾರೆ. ವೈರು ಆದರೆ ಕುತ್ತಿಗೆ. ನರಕ್ಕೆ ಸುತ್ತಿದ ಸುರುಳಿಯ ಸುತ್ತ ಗಾಯದ ಅಂಟು ಬೆಳೆದಿರುತ್ತದೆ, ಬಿಡಿಸುವುದು ನಾಜೂಕಿನ ಕೆಲಸ. ಹಳೇ ವೈರು ತೆಗೆದು ಹೊಸದು ಹಾಕಿದ ಅನುಭವ ಎಷ್ಟಿದೆ ಅಂತ ಸರ್ಜನ್‌ಗೆ ನೇರವಾಗಿ ಕೇಳಿ, ಸಂಕೋಚ ಬೇಡ. ನಾನು ಕೇಳಿದೆ, ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಅಲ್ಲಿಯವರೆಗೆ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಯಾರಾದರೂ ಎಂಆರ್‌ಐ ಬರೆದುಕೊಟ್ಟರೆ ವೈರಿನ ಅನುಮಾನ ಹೇಳಿ ತಡೆಯಿರಿ. ಆಪರೇಶನ್ ಆದಾಗ ತೆಗೆದ ಹಳೇ ಎಕ್ಸ್‌ರೇ ಇದ್ದರೆ ಅದನ್ನೂ ಒಯ್ಯಿರಿ, ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನನ್ನದು ತವರಿನಲ್ಲಿ, ಅಮ್ಮನ ಸೀರೆಗಳ ಕೆಳಗೆ ಸಿಕ್ಕಿತು.